ಮದ್ದಿನ ಡಬ್ಬಿಯ ಮೇಲೆ ನಂಜು

ಪರೀಕ್ಷೆಗೆಂದು ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಿರುವ ಅಕ್ಕನ ಮಗ ಸುಂಟಿಕೊಪ್ಪದ ನಮ್ಮ ತೋಟಕ್ಕೆ ಬಂದಿದ್ದಾನೆ. ಮೊನ್ನೆ ಜಗಲಿಯಲ್ಲಿ ಕುಳಿತು, “ಮಾವ, ನಾಕ್ಯುಅಸ್ ಎಂದರೇನು?” ಎಂದ. ಇನ್ನಾಕ್ಯುಅಸ್ ನನಗೆ ಗೊತ್ತು, ನಿರುಪದ್ರವಿ. ಅದರ ತಲೆಯ ಮೇಲಿನ ‘ಇನ್’ ಕಿತ್ತರೆ ಉಪದ್ರವಿ, ಹಾನಿಕಾರಕ. ಇಷ್ಟು ವರ್ಷ ಇಂಗ್ಲಿಷ್ ಪತ್ರಿಕೆ ಓದಿದ್ದೇನೆ, ಆ ಬೋಳು ಪದವನ್ನು ಒಮ್ಮೆಯೂ ಕಂಡಿರಲಿಲ್ಲ.

ನಿಘಂಟು ತೆಗೆದೆವು. ಲ್ಯಾಟಿನ್ನಿನಲ್ಲಿ ‘ನೊಕೇರೆ’ ಎಂದರೆ ಹಾನಿ ಮಾಡು. ಅದರಿಂದ ಹುಟ್ಟಿದ ಈ ಪದ 17ನೇ ಶತಮಾನದಿಂದ ಇಂಗ್ಲಿಷಿನಲ್ಲಿದೆ, ಆದರೆ ಬಳಸುವವರಿಲ್ಲ. ಅದರ ಬಂಧುಗಳೆಲ್ಲ ಚೆನ್ನಾಗಿಯೇ ಇದ್ದಾರೆ: ಇನ್ನೊಸೆಂಟ್ ಎಂದರೆ ಮೂಲದಲ್ಲಿ ಹಾನಿ ಮಾಡದವನು, ಫ್ರೆಂಚಿನ ಮೂಲಕ ಬಂದ ನ್ಯೂಸೆನ್ಸ್ ನಮ್ಮ ಬಸ್ ನಿಲ್ದಾಣದವರೆಗೂ ತಲುಪಿದೆ. ಇನ್ನೂ ಹಿಂದಕ್ಕೆ ಹೋದರೆ ಬೇರು ಸಂಸ್ಕೃತದ ‘ನಶ್’ ಧಾತುವಿನ ಬೇರಿಗೇ ಸೇರುತ್ತದೆ. ಅಂದರೆ ನಮ್ಮ ಶೆಡ್ಡಿನಲ್ಲಿರುವ ಕಳೆನಾಶಕದ ‘ನಾಶ’ ಆ ಪದಕ್ಕೆ ದೂರದ ದಾಯಾದಿ!

ಇಂಗ್ಲಿಷರನ್ನು ನೋಡಿ ನಗುವುದು ಬೇಡ. ನಾವು ಅನಾಹುತ ಎನ್ನುತ್ತೇವೆ, ಆಹೂತ ಎಂದವರನ್ನು ಕಂಡಿದ್ದೀರಾ? ಆಹೂತ ಎಂದರೆ ಕರೆಸಿಕೊಂಡದ್ದು, ಅನಾಹೂತ ಎಂದರೆ ಕರೆಯದೆ ಬಂದದ್ದು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಎಲ್ಲರ ಬಾಯಲ್ಲೂ ಇದೇ ಪದ. ಅದು ಪೂರ್ತಿ ಕರೆಯದೆ ಬಂದದ್ದೇ ಎಂಬ ಜಗಳ ಇಂದಿಗೂ ಮುಗಿದಿಲ್ಲ, ಇಲ್ಲಿ ಬೇಡ.

ನನ್ನ ತಕರಾರು ಬೇರೆ. ಅವರು ಕೆಡುಕಿನ ಪದವನ್ನು ಮರೆತರು, ನಾವು ಅದಕ್ಕೆ ಒಳಿತಿನ ಅಂಗಿಯನ್ನೇ ತೊಡಿಸಿದ್ದೇವೆ. ತೋಟದಲ್ಲಿ ವಿಷವನ್ನು ವಿಷ ಎಂದು ಯಾರು ಕರೆಯುತ್ತಾರೆ? ಕಳೆಗೆ ಮದ್ದು, ಹುಳುವಿಗೆ ಮದ್ದು. ಮೈಲುತುತ್ತಕ್ಕೆ ಸುಣ್ಣ ಕಲಸಿದ ಬೋರ್ಡೋ ದ್ರಾವಣವೂ ಮದ್ದು, ಕೆಮ್ಮಿಗೆ ಕುಡಿಯುವುದೂ ಮದ್ದು. ಮದ್ದು ಹೊಡೆಯುವವರು ಕೈಗವಸು ಯಾಕೆ ಹಾಕಿಕೊಳ್ಳಬೇಕು, ಹೇಳಿ. ಅಂಗಡಿಯವರು ನನಗೆ ಕಳೆನಾಶಕದ ಡಬ್ಬಿ ಕೊಡುವಾಗ, “ಹಸಿರು ಗುರುತಿನದು ಸರ್, ಏನೂ ಆಗುವುದಿಲ್ಲ” ಎಂದಿದ್ದರು. 1971ರ ಕೀಟನಾಶಕ ನಿಯಮಗಳಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ನಾಲ್ಕು ಮೆಟ್ಟಿಲುಗಳಿವೆ. ಹಸಿರು ಕೊನೆಯ ಮೆಟ್ಟಿಲು, ಮೆಟ್ಟಿಲಿನಿಂದ ಕೆಳಗಿನ ಅಂಗಳವಲ್ಲ. ಅದರ ಮೇಲೂ ಎಚ್ಚರಿಕೆ ಎಂದೇ ಬರೆದಿರಬೇಕು. ಆ ಮಾತು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಎಲ್ಲೋ ಅಡಗಿರುತ್ತದೆ.

ನಂಜು ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಹಾವಿನದು ನಂಜು, ಗಾಯ ಕೀವಾದರೆ ನಂಜು. ಕಾಲಿಗೆ ಕತ್ತಿ ತಾಗಿದರೆ ಅಜ್ಜಿ ಬದನೆಕಾಯಿಯನ್ನೂ ನಂಜೆಂದು ತಟ್ಟೆಗೆ ಹಾಕುತ್ತಿರಲಿಲ್ಲ. ಬದನೆಕಾಯಿಗೆ ಹೆದರುತ್ತಿದ್ದ ಮನೆಯವರು ನಾವು.

ನಿನ್ನೆ ಗೇಟಿಗೆ ಬಳಿದು ಮಿಕ್ಕಿದ್ದ ಕೆಂಪು ಬಣ್ಣದಿಂದ ಡಬ್ಬಿಯ ಮೇಲೆಲ್ಲ ದೊಡ್ಡದಾಗಿ ‘ನಂಜು’ ಎಂದು ಬರೆದೆ. ಬೆಳಿಗ್ಗೆ ಮೇಸ್ತ್ರಿ ಅದನ್ನು ಎತ್ತಿಕೊಂಡು ಬಂದು ಕೇಳಿದರು: “ಸರ್, ಇದನ್ನು ಯಾವ ನಂಜಪ್ಪನವರ ಮನೆಗೆ ಕೊಡಬೇಕು?”