ಮೇಷ್ಟ್ರ ಅಯಸ್ಕಾಂತಕ್ಕೆ ಬೀಳದ ಕಲ್ಲು

ಗಂಗಾವತಿ, ಸಿರುಗುಪ್ಪ, ಸಿಂಧನೂರಲ್ಲಿ ಇಷ್ಟೊಂದು ಅಕ್ಕಿ ಗಿರಣಿಗಳಿದ್ದೂ ಬಳ್ಳಾರಿಯವರ ಹಲ್ಲಿಗೆ ಹರಳು ಸಿಗುವುದು ತಪ್ಪಿಲ್ಲ. ಅದೂ ಬೀಗರ ಪಕ್ಕ ಊಟಕ್ಕೆ ಕೂತಾಗಲೇ ಕಟಕ್ ಅನ್ನಬೇಕು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೇಳಿದರೆ ಅಂಗಡಿಯವನದು ಒಂದೇ ಮಾತು: "ಸಾರ್ಟೆಕ್ಸ್ ಮಾಲು ಐತ್ರಿ."

ಸಾರ್ಟೆಕ್ಸ್ ಅಂದರೆ ಗಿರಣಿಯಲ್ಲಿ ಕಾಳು ಆರಿಸುವ ಯಂತ್ರ, ಅದು ನೋಡುವುದು ಬಣ್ಣವನ್ನು. ಕಪ್ಪು ಕಾಳು ಕಂಡರೆ ಗಾಳಿ ಊದಿ ಆಚೆ ಹಾಕುತ್ತದೆ. ಬಿಳಿ ಬೆಣಚುಕಲ್ಲು ಅಕ್ಕಿಯ ವೇಷದಲ್ಲೇ ದಾಟಿಬಿಡಬಹುದು. ಕಲ್ಲು ಹಿಡಿಯಬೇಕಾದದ್ದು ಡೀಸ್ಟೋನರ್. ಓರೆಯಾಗಿ ಅಲುಗಾಡುವ ತೂತಿನ ತಗಡು, ಕೆಳಗಿನಿಂದ ಗಾಳಿ. ಹಗುರಾದ ಅಕ್ಕಿ ತೇಲಿ ಇಳಿಜಾರಿಗೆ ಜಾರುತ್ತದೆ, ಭಾರದ ಕಲ್ಲು ತಗಡು ಬಿಡದೆ ಮೇಲಕ್ಕೆ ಹತ್ತುತ್ತದೆ. ಗಾಳಿ ಜಾಸ್ತಿಯಾದರೆ ಕಲ್ಲೂ ತೇಲಿ ಅಕ್ಕಿಯ ಜೊತೆ ಹೊರಟಿತು. ಆಮೇಲೆ ಅದು ನಮ್ಮ ಹಲ್ಲಿನ ಕೆಲಸ.

ಮನೆಯಲ್ಲಿ ಹಸನು ಮಾಡುವುದಾದರೆ ಮೊದಲು ಜರಡಿ, ಆಮೇಲೆ ನೀರು. ಪುಡಿಗಲ್ಲು ನೀರಲ್ಲಿ ಅಕ್ಕಿಯಷ್ಟೇ ನಿಧಾನ ಮುಳುಗುವುದರಿಂದ ಮೊದಲೇ ಉದುರಿಸಬೇಕು. ಜೋಳಕ್ಕೆ 2 ಮಿಲಿಮೀಟರ್ ಕಣ್ಣು ಸರಿ. ಸೋನಾ ಮಸೂರಿಯನ್ನು ಅದಕ್ಕೇ ಹಾಕಿದರೆ ಅಕ್ಕಿ ನೆಟ್ಟಗೆ ನಿಂತು ಕೆಳಗಿಳಿಯುತ್ತದೆ, 1 ಮಿಲಿಮೀಟರಿನದೇ ಬೇಕು. ಗಾಳಿಸುವಾಗ ಅಕ್ಕಿಯ ಮೇಲೆ ನಾಲ್ಕು ಬೆರಳು ನೀರಿರಲಿ. ಪಾತ್ರೆ ತಿರುವುತ್ತ ನೀರಿನ ಜೊತೆ ಅಕ್ಕಿಯನ್ನು ಸ್ವಲ್ಪಸ್ವಲ್ಪವೇ ಇನ್ನೊಂದಕ್ಕೆ ಬಗ್ಗಿಸಬೇಕು. ತಳದ ಕೊನೆಯ ಹಿಡಿಯ ಮೇಲೆ ಆಸೆ ಬೇಡ, ಕಲ್ಲಿರುವುದು ಅಲ್ಲೇ.

ಮೆಂತ್ಯ, ಕಾಗದ ಅರೆದು ಮೆತ್ತಿದ ಬಿದಿರಿನ ಮೊರ ಹಿಡಿದು ಹೆಂಗಸರು ಕಟ್ಟೆಯ ಮೇಲೆ ಕೂರುತ್ತಿದ್ದ ಕಾಲದಲ್ಲಿ ಹೊಟ್ಟು, ಓಣಿಯ ಸುದ್ದಿ ಎರಡೂ ಒಟ್ಟಿಗೆ ಹಾರುತ್ತಿದ್ದವು. ಈಗ ಮೊರವೂ ಪ್ಲಾಸ್ಟಿಕ್ಕು, ಕಟ್ಟೆಯ ಮೇಲೆ ಬೈಕು.

ಇನ್ನು ಪ್ರತಿ ಓಣಿಗೂ ಒಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರು. ಮಾಳಿಗೆ ಮೇಲೆ ಒಣಗಿಸಿದ ಜೋಳಕ್ಕೆ ಕೆಂಧೂಳು ಕೂತದ್ದೇ ತಡ, ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಹಾಜರು. "ಸಂಡೂರಿನ ಧೂಳು, ಅಂದ್ರ ಕಬ್ಬಿಣ. ಎಳೀಲೇಬೇಕು." ಶಾಲೆಯಲ್ಲಿ ಗಂಧಕದಿಂದ ಕಬ್ಬಿಣದ ಪುಡಿ ಎತ್ತಿದ ಕೈ ಅದು, ಸೋಲು ಒಪ್ಪೀತೇ? ರಾಶಿಯ ಮೇಲೆ ಎಡಕ್ಕೆ ಉಜ್ಜುತ್ತಾರೆ, ಬಲಕ್ಕೆ ಉಜ್ಜುತ್ತಾರೆ, ಎತ್ತಿ ನೋಡುತ್ತಾರೆ, ಊದುತ್ತಾರೆ, ಮತ್ತೆ ಉಜ್ಜುತ್ತಾರೆ. ಸಂಡೂರಿನ ಗಣಿಗಳ ಕಬ್ಬಿಣದ ಅದಿರು ಬಹುಪಾಲು ಹೆಮಟೈಟ್ ಎಂಬ ಜಾತಿಯದು. ಕಬ್ಬಿಣ ಎಷ್ಟಿದ್ದರೂ ಸಾದಾ ಅಯಸ್ಕಾಂತಕ್ಕೆ ಜಗ್ಗುವುದಿಲ್ಲ, ಜಗ್ಗುವುದು ಮ್ಯಾಗ್ನಟೈಟ್ ಎಂಬ ಇನ್ನೊಂದು ಜಾತಿಯ ಅದಿರು. ಅರ್ಧ ತಾಸಿನ ಬೆಳೆ ಒಂದು ಸ್ಟೇಪ್ಲರ್ ಪಿನ್ನು. ಅದನ್ನೇ ಮೇಲೆತ್ತಿ, "ನೋಡಿದ್ರ್ಯಾ?"

ಅಕ್ಕಿಯಲ್ಲಿ ಉಳಿದ ಬಿಳಿ ಹರಳಿಗೆ ಒಂದು ಉಪಾಯವಿದೆ: 20 ನಿಮಿಷ ನೆನೆಸಿದರೆ ಅಕ್ಕಿ ಸುಣ್ಣದ ಬಿಳುಪಾಗುತ್ತದೆ, ಬೆಣಚು ಇದ್ದಂತೆಯೇ ಇರುತ್ತದೆ. ಬೆರಳಿಂದ ಹೆಕ್ಕಿದರಾಯಿತು. ಮೇಷ್ಟ್ರಿಗೆ ಹೇಳಿದೆವು, ಒಪ್ಪಿದರು. ಆದರೆ ಹೆಕ್ಕಲು ಕನ್ನಡಕ ಬೇಕಲ್ಲ, ಅದು ಬಗ್ಗಿದಾಗ ಜೋಳದ ರಾಶಿಯೊಳಗೆ ಬಿದ್ದಿದೆ. ಫ್ರೇಮು ಪ್ಲಾಸ್ಟಿಕ್ಕಿನದು. ಆದರೂ ಅಯಸ್ಕಾಂತದಿಂದಲೇ ಹುಡುಕುತ್ತಿದ್ದಾರೆ.