ಅಳಿಯನ ರಸಮಟ್ಟ

ನಾನು ಮೈಸೂರಿನವನು. ಮದುವೆಯಾಗುವ ತನಕ ಕೋವಿ ನೋಡಿದ್ದು ಬ್ಯಾಂಕಿನ ಬಾಗಿಲಲ್ಲಿ ಮಾತ್ರ. ಅದನ್ನು ಹಿಡಿದವರು ತೂಕಡಿಸುತ್ತಿದ್ದರು. ಮದುವೆಯಾದದ್ದು ಕೊಡಗಿನ ಹುಡುಗಿಯನ್ನು. ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಕೈಲ್‌ಪೊಳ್ದ್, ಅಂದರೆ ಆಯುಧಪೂಜೆಯ ಹಬ್ಬ. ಕೋವಿ ಒರೆಸಿ, ನಳಿಗೆಯ ತುದಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೊಸ ಅಳಿಯ ಅಂತ ನನ್ನ ಕೈಗೂ ಕೋವಿ ಕೊಟ್ಟರು. ಮೂರು ಈಡು ಹೊಡೆದೆ. ಕಾಯಿ ಅಲ್ಲಾಡಲಿಲ್ಲ.

"ಪರವಾಗಿಲ್ಲ ಅಳಿಯಂದ್ರೇ, ಚಟ್ನಿಗೆ ಕಾಯಿ ಉಳೀತು" ಅಂದರು ಮಾವ.

ಮುಂದಿನ ವರ್ಷಕ್ಕೆ ತಯಾರಿ ನಡೆಸಲು ಒಂದು ಏರ್ ರೈಫಲ್ ತಂದೆ. 4.5 ಮಿ.ಮೀ. ನಳಿಗೆ, ಶಕ್ತಿ 20 ಜೌಲ್ ಒಳಗೆ. ಇದಕ್ಕೆ ಲೈಸೆನ್ಸ್ ಬೇಡ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲ್‌ನಲ್ಲೇ ಚಿನ್ನ ಗೆದ್ದರು, ಆ ಪಂದ್ಯದಲ್ಲಿ ದುರ್ಬೀನು ಹಾಕುವಂತೆಯೇ ಇಲ್ಲ. ಆದರೆ ಅವರ ಕಣ್ಣು ಬೇರೆ, ನನ್ನ ಕಣ್ಣು ಬೇರೆ ಅಲ್ವಾ? ಕೋವಿಗೆ ಹಾಕುವ ದುರ್ಬೀನು, ಅಂದರೆ ಸ್ಕೋಪ್ ತರಿಸಿದೆ.

ಸ್ಕೋಪನ್ನು ರಿಂಗುಗಳಲ್ಲಿ ಕೂರಿಸುವುದು ಸುಲಭ. ಅದರೊಳಗಿನ ಉದ್ದಗೆರೆಯನ್ನು ನೆಟ್ಟಗೆ ನಿಲ್ಲಿಸುವುದೇ ಕಷ್ಟ. ಗೆರೆ ವಾಲಿದ್ದರೆ, ಗುಂಡು ಮೇಲೆ ಹೋಗಲಿ ಅಂತ ತಿರುಪು ತಿರುಗಿಸಿದಾಗ ಅದು ಪಕ್ಕಕ್ಕೂ ಸರಿಯುತ್ತದೆ. ಕೋವಿಯನ್ನು ಎರಡು ದಿಂಬಿನ ನಡುವೆ ಮಲಗಿಸಿ, ಮೊಬೈಲಿನ ಮಟ್ಟ ನೋಡುವ ಆ್ಯಪ್ ತೆರೆದು, ಮೊಬೈಲನ್ನು ಸ್ಕೋಪಿನ ಮೇಲಿಟ್ಟೆ. ಸೊನ್ನೆ ಡಿಗ್ರಿ ಬರಿಸಲು ಎರಡು ಗಂಟೆ ಹಿಡಿಯಿತು. ಅದೂ ಪ್ರತಿ ಸಲ ಸ್ಕ್ರೂ ಬಿಗಿ ಮಾಡಿದಾಗ ಸ್ಕೋಪ್ ಆ ಕಡೆಗೆ ಒಂದು ಕೂದಲೆಳೆ ತಿರುಗುತ್ತದೆ. ಸೊನ್ನೆ ಬಂತು ಅಂತ ಕಾಫಿ ಕುಡಿಯಲು ಕೂತಾಗ ಹೆಂಡತಿ ಮೊಬೈಲ್ ಎತ್ತಿ ತಿರುಗಿಸಿ ನೋಡಿದಳು.

"ರೀ, ಇದರ ಹಿಂದೆ ಕ್ಯಾಮೆರಾ ಉಬ್ಬಿದೆ."

ನಾನು ಎರಡು ಗಂಟೆ ಕ್ಯಾಮೆರಾದ ಗುಬುಟನ್ನು ಮಟ್ಟ ಮಾಡಿದ್ದೆ.

ಆಗ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದ ಮೇಸ್ತ್ರಿ ಬಂದರು. "ಗುಂಡು ಹಾಕೋಣ ಸಾರ್" ಅಂದರು. ಬೆಳಗ್ಗೆ ಹನ್ನೊಂದು ಗಂಟೆಗೇ? ನಾನು ಗಾಬರಿಯಾದೆ. ಅವರು ಚೀಲದಿಂದ ತೂಕದ ಗುಂಡು ತೆಗೆದು ಹಲಸಿನ ಕೊಂಬೆಗೆ ಕಟ್ಟಿದರು. ಗಾಳಿಗೆ ದಾರ ತೂಗಾಡಿತು. ಗುಂಡನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿದರು. ದಾರ ಸತ್ತ ಹಾಗೆ ನಿಂತಿತು. ಸ್ಕೋಪ್ ಕೂರುವ ಕೋವಿಯ ಪಟ್ಟಿಗೆ ತಮ್ಮ ರಸಮಟ್ಟ ಅಡ್ಡಲಾಗಿಟ್ಟು, ಗುಳ್ಳೆ ನಡುವೆ ಬರುವ ಹಾಗೆ ಹಿಡಿದರು. ನಾನು ಒಳಗಿನ ಗೆರೆಯನ್ನು ದಾರಕ್ಕೆ ಕೂಡಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿದೆ. ಹತ್ತೇ ನಿಮಿಷ.

ಆದರೆ ಕೋವಿ ಹೆಗಲಿಗೇರಿಸಿ ನೋಡಿದರೆ ಗೆರೆ ಮತ್ತೆ ವಾಲಿದೆ! ಮೇಸ್ತ್ರಿ ನನ್ನ ಎದುರಿಗೆ ನಿಂತು ಒಂದು ಕಣ್ಣು ಮುಚ್ಚಿ ಅಳೆದರು. "ಗೆರೆ ಸರಿಯಿದೆ ಸಾರ್. ತಲೆ ವಾಲಿದೆ."

ಹತ್ತು ಮೀಟರ್ ದೂರದಲ್ಲಿ ಕಾಗದ ಕಟ್ಟಿ ಹೊಡೆದೆ. ಐದು ಸೆಂಟಿಮೀಟರ್ ಕೆಳಗೆ ಬಿತ್ತು. ಸ್ಕೋಪಿನ ತಿರುಪಿನ ಒಂದು ಕ್ಲಿಕ್ ಅಷ್ಟು ಹತ್ತಿರಕ್ಕೆ ಗುಂಡನ್ನು ಮುಕ್ಕಾಲು ಮಿಲಿಮೀಟರ್ ಕೂಡ ಸರಿಸುವುದಿಲ್ಲ. ಸುಮಾರು 70 ಕ್ಲಿಕ್ ಎಣಿಸಿದೆ, ನಡುವೆ ಎರಡು ಸಲ ಲೆಕ್ಕ ತಪ್ಪಿತು. ಕೊನೆಗೆ ನಡುವಿಗೇ ಬಿತ್ತು. ಆಹಾ! ಇನ್ನು 20 ಈಡು ಹೊಡೆಯುವಷ್ಟರಲ್ಲಿ ಮತ್ತೆ ಎಲ್ಲೆಲ್ಲೋ. ನೋಡಿದರೆ ಸ್ಕೋಪ್ ನನ್ನ ಹುಬ್ಬಿನ ಕಡೆಗೆ ಅರ್ಧ ಇಂಚು ನಡೆದು ಬಂದಿತ್ತು. ಸ್ಪ್ರಿಂಗಿನಿಂದ ಹೊಡೆಯುವ ಇಂಥ ಏರ್ ರೈಫಲ್ ಹಿಂದಕ್ಕೊಮ್ಮೆ ಒದ್ದು, ತಕ್ಷಣ ಮುಂದಕ್ಕೂ ಜಗ್ಗುತ್ತದೆ. ಸ್ಕೋಪ್ ಜಾರದ ಹಾಗೆ ತಡೆಯಲು ಒಂದು ಚಿಕ್ಕ ಪಿನ್ ಇರುತ್ತದೆ. ನಾನದನ್ನು ಜಾಸ್ತಿ ಕೊಟ್ಟ ಸ್ಕ್ರೂ ಅಂದುಕೊಂಡು ಡಬ್ಬಿಯಲ್ಲೇ ಬಿಟ್ಟಿದ್ದೆ.

ಪಿನ್ ಹಾಕಿ, ಮತ್ತೆ ಹಲಸಿನ ಮರ, ಮತ್ತೆ ಬಕೆಟ್, ಮತ್ತೆ ಮೇಸ್ತ್ರಿ. ಆ ದಿನ ಗೋಡೆ ಒಂದು ಸಾಲೂ ಏರಲಿಲ್ಲ.

ಸಂಜೆ ಮಾವ ಬಂದು ಸ್ಕೋಪಿನಲ್ಲಿ ಇಣುಕಿದರು. ತುಂಬಾ ಹೊತ್ತು ನೋಡಿದರು.

"ಚೆನ್ನಾಗಿ ಕೂತಿದೆ. ಆದ್ರೆ ಅಳಿಯಂದ್ರೇ, ಕಾಯಿ ಹೊಡೆಯೋ ನಮ್ಮ ಕೋವಿಗೆ ಇದನ್ನ ಕೂರಿಸೋಕೆ ಜಾಗಾನೇ ಇಲ್ವಲ್ಲ?"

ಅಡುಗೆಮನೆಯಿಂದ ತೆಂಗಿನಕಾಯಿ ತುರಿಯುವ ಸದ್ದು ಕೇಳಿಸುತ್ತಿತ್ತು.