150 ರೂಪಾಯಿ ಕೇಳುವ ಕಷ್ಟ

ಪುಸ್ತಕ ಬರೆಯುವುದು ಕಷ್ಟ ಅನ್ನುವವರು ಬಹುಶಃ ಇನ್ನೂ ಪುಸ್ತಕ ಮಾರಿಲ್ಲ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಅಚ್ಚು ಹಾಕಿಸುವುದೂ ಈಗ ದೊಡ್ಡ ಸಂಗತಿಯಲ್ಲ, ನೂರೇ ಪ್ರತಿ ಸಾಕು ಅಂದರೂ ಡಿಜಿಟಲ್ ಪ್ರಿಂಟ್‌ನಲ್ಲಿ ತೆಗೆದುಕೊಡುತ್ತಾರೆ. ಕಷ್ಟ ಶುರುವಾಗುವುದು ಯಾವುದೋ ಮದುವೆ ಮನೆಯಲ್ಲಿ ಸಿಕ್ಕ ಪರಿಚಯದವರು ಹೆಗಲ ಮೇಲೆ ಕೈ ಹಾಕಿ "ಏನ್ರೀ, ಪುಸ್ತಕ ಬಂತಂತೆ, ನನಗೊಂದು ಕಾಪಿ ಕೊಡ್ಲೇ ಇಲ್ಲ?" ಅಂತ ಕೇಳಿದಾಗ. ಆಗ "150 ರೂಪಾಯಿ ಸಾರ್" ಅಂತ ಬಾಯಿಬಿಟ್ಟು ಹೇಳಬಲ್ಲವರು ಯಾರೋ ಅವರೇ ಪ್ರಕಾಶಕರು. ನಾನು "ಮುಂದಿನ ಸಲ ತಂದುಕೊಡ್ತೀನಿ" ಅಂತ ಊಟದ ಪಂಕ್ತಿ ಕಡೆ ಜಾರಿಕೊಳ್ಳುವ ಜಾತಿ.

ವಿಚಿತ್ರ ಅಂದರೆ ಅದೇ ಮದುವೆಯಲ್ಲಿ ವಾಲಗದವರಿಗೆ, ಅಡುಗೆಯವರಿಗೆ, ಫೋಟೋ ತೆಗೆಯುವವರಿಗೆ ದುಡ್ಡು ಕೊಡಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಬರೆದವನಿಗೆ ಮಾತ್ರ ಕೊಡುವವರಿಗೂ ಮುಜುಗರ, ಕೇಳುವವನಿಗೂ ಮುಜುಗರ. ಸರಸ್ವತಿ ಮಾರಾಟಕ್ಕಿಲ್ಲ ಅಂತ ಒಬ್ಬ ಹಿರಿಯರು ನನಗೆ ಹೇಳಿದರು. ಪ್ರೆಸ್ಸಿನವರಿಗೆ ಆ ವಿಷಯ ಯಾರೂ ತಿಳಿಸಿದಂತಿಲ್ಲ.

ಸ್ವಂತ ಪ್ರಕಟಣೆ ಅಂದರೆ ಬೇರೆ ಯಾರೂ ಮುಟ್ಟದ ಪುಸ್ತಕ ಅಂತ ಮೂಗು ಮುರಿಯುವವರಿದ್ದಾರೆ. ಅವರಿಗೆ ನಮ್ಮ ಹಿರಿಯರ ಕಥೆ ಗೊತ್ತಿಲ್ಲ. ಮಾಸ್ತಿಯವರಿಗೆ ಜೀವನ ಕಾರ್ಯಾಲಯ ಇತ್ತು. ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯ ಕಟ್ಟಿಕೊಂಡರು. ಕುವೆಂಪು ಅವರ ಮೈಸೂರಿನ ಮನೆಯ ಹೆಸರೇ ಪ್ರಕಾಶನದ ಹೆಸರೂ ಆಯಿತು, ಉದಯರವಿ. ಇವರೆಲ್ಲರಿಗಿಂತ ನನ್ನನ್ನು ಕಾಡುವವರು ಗಳಗನಾಥರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಈ ಮಹಾನುಭಾವರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಆಮೇಲೆ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹೊರೆ ಹೊತ್ತದ್ದು ನನಗೆ ಅಂಥ ಸೋಜಿಗ ಅನ್ನಿಸುವುದಿಲ್ಲ, ಕಷ್ಟಪಟ್ಟರೆ ಯಾರಾದರೂ ಹೊತ್ತಾರು. ಒಂದು ಮನೆಯ ಬಾಗಿಲಲ್ಲಿ ಗಂಟು ಇಳಿಸಿ, ಒಳಗಿನಿಂದ ಬಂದವರಿಗೆ "ಇದು ನಾನೇ ಬರೆದದ್ದು, ಬೆಲೆ ಇಷ್ಟು" ಅಂತ ಹೇಳಿದರಲ್ಲ, ಅದು ಸೋಜಿಗ. ಎಷ್ಟು ಮನೆಯಲ್ಲಿ "ಈಗ ಬೇಡ, ಮುಂದೆ ಹೋಗಿ" ಅಂದಿರಬಹುದು!

ಧಾರವಾಡದ ಜಿ.ಬಿ. ಜೋಶಿಯವರು ಇನ್ನೂ ಜಾಣರು. 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡರು. ಅಂದರೆ ಪುಸ್ತಕ ಕಣ್ಣಿಗೆ ಬೀಳುವ ಮೊದಲೇ ಹಣ. ಇವತ್ತು ನಾವು ಫೇಸ್‌ಬುಕ್ಕಿನಲ್ಲಿ "ಮುಂಗಡ ಬುಕಿಂಗ್ ಆರಂಭ" ಅಂತ ಪೋಸ್ಟರ್ ಹಾಕುತ್ತೇವಲ್ಲ, ಅದರ ತಾತ ಅದು.

ಆ ಪೋಸ್ಟರಿನ ವಿಚಾರ ಬಂತು, ಹೇಳಿಬಿಡುತ್ತೇನೆ. ಮೊದಲು ಮುಖಪುಟ ಅನಾವರಣ, ಆಮೇಲೆ ಬೆನ್ನುಡಿ, ಆಮೇಲೆ ಮುನ್ನುಡಿಯ ನಾಲ್ಕು ಸಾಲು, ಆಮೇಲೆ ಬಿಡುಗಡೆಯ ಆಹ್ವಾನ ಪತ್ರಿಕೆ. ಒಂದೊಂದಕ್ಕೂ ಅಭಿನಂದನೆಗಳ ಸುರಿಮಳೆ. ಕೈ ಮುಗಿದ ಚಿತ್ರಗಳು, ಹೂಗುಚ್ಛಗಳು, "ಖಂಡಿತ ಓದ್ತೀನಿ ಸರ್". ಅಭಿನಂದಿಸಿದವರಲ್ಲಿ ಹತ್ತಕ್ಕೊಬ್ಬರು ಕೊಂಡರೂ ಕನ್ನಡದಲ್ಲಿ ಎಲ್ಲ ಪುಸ್ತಕಗಳೂ ಎರಡನೇ ಮುದ್ರಣ ಕಾಣುತ್ತಿದ್ದವು. ಹಾಗಂತ ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಹೇಳುವಾಗ ನಿಜವಾಗಿಯೂ ಓದಬೇಕು ಅನ್ನಿಸಿರುತ್ತೆ. ನಾನೂ ಎಷ್ಟೋ ಜನರಿಗೆ ಹಾಗೆ ಹೇಳಿದ್ದೇನೆ, ಅಲ್ವಾ ಮತ್ತೆ?

ಲೆಕ್ಕ ತೀರಾ ಸರಳ. 150 ರೂಪಾಯಿ ಬೆಲೆಯ ಪುಸ್ತಕಕ್ಕೆ ಅಂಗಡಿಯವರು ನೂರಕ್ಕೆ 40 ಕೇಳಿದರೆ 60 ರೂಪಾಯಿ ಅಲ್ಲಿಗೆ ಹೋಯಿತು. ಉಳಿದ 90ರಲ್ಲಿ ಕಾಗದ, ಮುದ್ರಣ, ಮುಖಪುಟ ಮಾಡಿದವರು, ಕರಡು ತಿದ್ದಿದವರು. ಕೊನೆಗೆ ಲೇಖಕನಿಗೆ ಉಳಿಯುವುದು ಎರಡು ಮಸಾಲೆ ದೋಸೆಗೂ ಸಾಲದು. ಅದೂ ಅಂಗಡಿಯವರು ಕೊಟ್ಟಾಗ. "ಮಾರಾಟ ಆದ ಮೇಲೆ ಕೊಡ್ತೀವಿ" ಅನ್ನುವುದು ಅಲ್ಲಿನ ಪದ್ಧತಿ. ಮಾರಾಟ ಆಯಿತೋ ಇಲ್ಲವೋ ಅಂತ ಹೋಗಿ ವಿಚಾರಿಸುವುದು ಮತ್ತೆ ನಮ್ಮದೇ ಕೆಲಸ, ಅದೂ ಗಿರಾಕಿಗಳು ಇಲ್ಲದ ಹೊತ್ತು ನೋಡಿಕೊಂಡು, ಸುಮ್ನೆ ಈ ಕಡೆ ಬಂದಿದ್ದೆ ಅನ್ನುವ ಮುಖ ಮಾಡಿಕೊಂಡು. ಗ್ರಂಥಾಲಯದ ಸಗಟು ಖರೀದಿ ಅಂತ ಒಂದಿದೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೆ ಪುಣ್ಯ, ಹಣ ಬರುವುದಕ್ಕೆ ಇನ್ನೊಂದು ಪುಣ್ಯ ಬೇಕು.

ಅಂಚೆಯಲ್ಲಿ ಕಳಿಸೋಣ ಅಂದರೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಅನ್ನುವ ಅಗ್ಗದ ಸೌಲಭ್ಯವನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿಬಿಟ್ಟರು. 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಅಂತ ಬಂದಿದೆ, 300 ಗ್ರಾಂಗೆ 20 ರೂಪಾಯಿಯಿಂದ ಶುರು, ತೆರಿಗೆ ಬೇರೆ. ಪರವಾಗಿಲ್ಲ. ಆದರೆ ಆ ಇಪ್ಪತ್ತು ಚಿಲ್ಲರೆಯನ್ನು ಓದುಗರ ಹತ್ತಿರ ಕೇಳಬೇಕಲ್ಲ! 150ನ್ನೇ ಕೇಳಲಾರದವನು "ಅಂಚೆ ವೆಚ್ಚ ಪ್ರತ್ಯೇಕ" ಅಂತ ಹೇಗೆ ಬರೆದಾನು? ಹೆಚ್ಚಿನವರು ನನ್ನ ಹಾಗೆ "ಅಂಚೆ ವೆಚ್ಚ ಉಚಿತ" ಅಂತ ಬರೆದು ಸುಮ್ಮನಾಗುತ್ತಾರೆ.

ಕ್ಯೂಆರ್ ಕೋಡ್ ಕಂಡುಹಿಡಿದವರಿಗೆ ಸಾಹಿತ್ಯ ಅಕಾಡೆಮಿ ಏನಾದರೂ ಕೊಡಬೇಕು. ಬಿಡುಗಡೆಯ ದಿನ ಸಭಾಂಗಣದ ಹೊರಗೆ, ಉಪ್ಪಿಟ್ಟು ಕೇಸರಿಬಾತ್ ಪಕ್ಕದಲ್ಲಿ, ಮೇಜಿನ ಮೇಲೆ ಪುಸ್ತಕ ಜೋಡಿಸಿ ಒಂದು ಕೋಡ್ ಅಂಟಿಸಿದರೆ ಸಾಕು. ಬಾಯಿ ಕೇಳಲಾರದ್ದನ್ನು ಅದು ಕೇಳುತ್ತೆ. ಇ-ಪುಸ್ತಕದ ಮೇಲೂ ನನಗೆ ಇದೇ ಕಾರಣಕ್ಕೆ ಪ್ರೀತಿ. ಅಲ್ಲಿಯೂ ಕನ್ನಡಕ್ಕೆ ತಡವಾಯಿತು ಬಿಡಿ. 2016ರಲ್ಲಿ ಅಮೆಜಾನಿನ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದಾಗ ಕನ್ನಡ ಇರಲಿಲ್ಲ. ಈಗ ಕನ್ನಡ ಇ-ಪುಸ್ತಕ ಮಾರುವ ಮೈಲ್ಯಾಂಗ್ ಇದೆ, ಗೂಗಲ್ ಪ್ಲೇ ಬುಕ್ಸ್ ಇದೆ, ಮೊದಲು ದುಡ್ಡು ಆಮೇಲೆ ಓದು. ಪರಿಚಯದವರು ಯಂತ್ರದ ಹೆಗಲ ಮೇಲೆ ಕೈ ಹಾಕುವ ಹಾಗಿಲ್ಲ.

ಕೇಳುವುದರಲ್ಲಿ ಪಳಗಿದವರೂ ಇದ್ದಾರೆ. ಐಎಸ್‌ಬಿಎನ್ ಅನ್ನುವ, ಪುಸ್ತಕದ ಗುರುತಿನ ಸಂಖ್ಯೆಯನ್ನು ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತೆ. ಅದನ್ನು "ಮಾಡಿಸಿಕೊಡ್ತೀವಿ" ಅಂತ ಹೊಸ ಲೇಖಕರಿಂದ ದುಡ್ಡು ಇಸಕೊಳ್ಳುವವರು ಸಿಕ್ಕರು. ಎಷ್ಟು ಸಲೀಸಾಗಿ ಕೇಳಿದರು ಅಂದರೆ ನನಗೆ ಸಿಟ್ಟಿನ ಬದಲು ಗೌರವ ಹುಟ್ಟಿತು.

ಪುಸ್ತಕದಿಂದ ಹೊಟ್ಟೆ ತುಂಬುವುದಿಲ್ಲ ಅಂತ ಬಿಡಿ ಬರವಣಿಗೆ ಮಾಡಿದರೆ ಅಲ್ಲೂ ಇದೇ ರೋಗ. ಜಾಹೀರಾತಿನ ಅನುವಾದ, ಯಾರದೋ ಸಂಸ್ಥೆಯ ಕಿರುಹೊತ್ತಗೆ, ಯಾರದೋ ತಂದೆಯ ಜೀವನಚರಿತ್ರೆ. "ಒಂದೇ ಒಂದು ಪೇಜು ಸಾರ್, ಸ್ವಲ್ಪ ನೋಡ್ಕೊಡಿ" ಅಂತ ಬರುತ್ತೆ. ಫೈಲ್ ತೆರೆದರೆ ಅಕ್ಷರದ ಗಾತ್ರ ಎಂಟು, ಸಾಲಿನ ನಡುವೆ ಇರುವೆ ನುಗ್ಗುವಷ್ಟೂ ಜಾಗವಿಲ್ಲ, ಹಾಗಾಗಿ ಒಂದೇ ಪೇಜು. ರಾತ್ರಿ ಕೂತು ಮುಗಿಸಿ ಕಳಿಸಿದರೆ "ಸೂಪರ್ ಸಾರ್" ಅಂತ ಉತ್ತರ, ಜೊತೆಗೊಂದು ಹೆಬ್ಬೆರಳು. ಆ ಹೆಬ್ಬೆರಳಿನ ಕೆಳಗೆ "ಸಂಭಾವನೆ ವಿಚಾರ..." ಅಂತ ಟೈಪ್ ಮಾಡಿ, ಅಳಿಸಿ, "ಬಿಡುವಾದಾಗ ಒಮ್ಮೆ ಮಾತಾಡೋಣ" ಅಂತ ಬರೆದು ಕಳಿಸುವಷ್ಟರಲ್ಲಿ ಇನ್ನೊಂದು ಲೇಖನವೇ ಬರೆಯಬಹುದಿತ್ತು. ಕೇಳದೆಯೇ ಕಳಿಸುವ ಸಂಪಾದಕರೂ ಇದ್ದಾರೆ, ಇಲ್ಲ ಅಂದರೆ ಪಾಪ ತಟ್ಟುತ್ತೆ. ಮೊತ್ತ ಚಿಕ್ಕದಾದರೂ ಆ ದಿನ ಮನೆಯಲ್ಲಿ ನಾನು ಸ್ವಲ್ಪ ಎದೆ ಉಬ್ಬಿಸಿಕೊಂಡು ಓಡಾಡುತ್ತೇನೆ.

ಇನ್ನೊಂದು ವಿಷಯ ಗಮನಿಸಿದ್ದೇನೆ. ಗೌರವ ಪ್ರತಿ ತೆಗೆದುಕೊಂಡವರು ಪುಸ್ತಕದ ಬಗ್ಗೆ ಯಾವತ್ತೂ ಕೆಟ್ಟ ಮಾತು ಆಡುವುದಿಲ್ಲ. ಒಳ್ಳೆಯ ಮಾತೂ ಆಡುವುದಿಲ್ಲ. ಒಟ್ಟಿನಲ್ಲಿ ಮಾತೇ ಆಡುವುದಿಲ್ಲ. ದುಡ್ಡು ಕೊಟ್ಟು ಕೊಂಡವರು ಮಾತ್ರ ಬೈಯುತ್ತಾರೆ. ಶಿರಸಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಬೆಳಿಗ್ಗೆ ಫೋನ್ ಮಾಡಿ, ನಮಸ್ಕಾರವನ್ನೂ ಹೇಳದೆ, "ಈ ಕಾಯರ್ದಶಿರ್ ಅಂದ್ರೆ ಯಾರು?" ಅಂತ ಕೇಳಿದರು. ನಾನು ಬರೆದದ್ದನ್ನು ಪುಟ ವಿನ್ಯಾಸಕ್ಕೆ ಅಂತ ಒಂದು ಫಾಂಟಿನಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒಂದು ಕಥೆಯಲ್ಲಿ ಅರ್ಕಾವತ್ತುಗಳೆಲ್ಲ ಜಾಗ ಬಿಟ್ಟು ಓಡಿ, ಸಹಕಾರ ಸಂಘದ ಕಾರ್ಯದರ್ಶಿ ಹಾಗಾಗಿದ್ದ. ಪುಸ್ತಕ ಹಂಚಿ ಎಷ್ಟೋ ದಿನ ಆಗಿತ್ತು, ಒಬ್ಬರೂ ಹೇಳಿರಲಿಲ್ಲ. ಹೆಸರು ಯಾವುದೋ ಹೊಸ ಪ್ರಯೋಗ ಅಂದುಕೊಂಡರೋ, ಆ ಪುಟದವರೆಗೆ ಬರಲೇ ಇಲ್ಲವೋ. ಮೇಷ್ಟ್ರು ಮಾತ್ರ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟುಕೊಂಡು ಪುಟಸಂಖ್ಯೆ ಸಮೇತ ಓದಿ ಹೇಳಿದರು. ನಾನು ಬರೆದುಕೊಂಡೆ. ಎರಡನೇ ಮುದ್ರಣ ಆದರೆ ಸರಿಮಾಡಿಸುತ್ತೇನೆ ಅಂದೆ.

"ಅದಾಗ್ಬೇಕು ಅಂದ್ರೆ ಮೊದಲು ಇದು ಖರ್ಚಾಗ್ಬೇಕಲ್ಲ ಮಾರಾಯ್ರೆ" ಅಂದರು. "ಇನ್ನೆರಡು ಕಳಿಸಿ, ತಂಗಿ ಮನೆಗೊಂದು, ಇಲ್ಲಿ ಶಾಲೆಗೊಂದು. ತಪ್ಪು ನಾನೇ ತಿದ್ದಿ ಕೊಡ್ತೇನೆ. ಅಂಚೆ ಖರ್ಚು ಸೇರಿ ಎಷ್ಟಾಯ್ತು ಹೇಳಿ."